ಪಂಚಾಯತಿಗೆ ಕನ್ನಡದಲ್ಲಿ ಮಾಹಿತಿ ಹಕ್ಕು ಅರ್ಜಿ ಕೊಟ್ಟರೆ ತೆಗೆದುಕೊಳ್ಳಬೇಕಲ್ವಾ?

ತೋಡಿನಾಚೆಯವಳು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ ತಾಲೂಕಿನ ಒಳಗಿನ ಒಂದು ಊರಿನವಳು. ಮನೆಯಲ್ಲೇ ಹೊಲಿಗೆ ಮಾಡುತ್ತೇನೆ, ಇಲ್ಲಿನ ಹೆಂಗಸರ ಸ್ವಸಹಾಯ ಸಂಘ ಕುಡುಂಬಶ್ರೀಯಲ್ಲೂ ಇದ್ದೇನೆ. ಓದಿದ್ದು ಹತ್ತನೇ ಕ್ಲಾಸಿನವರೆಗೆ, ಕನ್ನಡ ಮಾಧ್ಯಮದಲ್ಲಿ. ಮಲಯಾಳ ಮಾತಾಡಲು ಬರುತ್ತದೆ, ಬಸ್ಸಿನ ಬೋರ್ಡು ಓದುತ್ತೇನೆ. ಆದರೆ ಒಂದು ಪುಟ ಬರೆ ಅಂದರೆ ಆಗುವುದಿಲ್ಲ.

ವಿಷಯ ಇದು. ನಮ್ಮ ಮನೆಯಿಂದ ರಸ್ತೆಗೆ ಹೋಗಬೇಕಾದರೆ ಒಂದು ತೋಡು, ಅಂದರೆ ಸಣ್ಣ ಹಳ್ಳ, ದಾಟಬೇಕು. ತೋಡಿಗೆ ಅಡಿಕೆ ಮರದ ಸಂಕ (ಕಾಲುಸೇತುವೆ). ಮೂರು ಮರ ಜೋಡಿಸಿ ಕಟ್ಟಿದ್ದು, ಹಿಡಿದುಕೊಳ್ಳಲು ಒಂದು ಬದಿಗೆ ಬಿದಿರು. ಮಳೆ ಶುರುವಾಗುವ ಮೊದಲು ಪ್ರತಿ ವರ್ಷ ಅಪ್ಪ ಮತ್ತು ನೆರೆಮನೆಯವರು ಸೇರಿ ಹೊಸ ಮರ ಹಾಕುತ್ತಾರೆ. ಜೋರು ಮಳೆಯ ಆಟಿ ತಿಂಗಳು ಬರುವಷ್ಟರಲ್ಲಿ ಆ ಮರಕ್ಕೂ ಪಾಚಿ ಹಿಡಿದಿರುತ್ತದೆ. ಮಕ್ಕಳು ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು, ಪಾದ ಅಡ್ಡ ಇಟ್ಟು ದಾಟುತ್ತಾರೆ. ನಮ್ಮ ಬದಿಯಲ್ಲಿ ಏಳು ಮನೆ ಇದೆ, ಶಾಲೆಗೆ ಹೋಗುವ ಮಕ್ಕಳು ಒಂಬತ್ತು. ಕಳೆದ ವರ್ಷ ನನ್ನ ಸಣ್ಣ ಮಗಳು ಜಾರಿ ಸಂಕದ ಮೇಲೇ ಕೂತುಬಿಟ್ಟಳು. ಕೆಳಗೆ ಕೆಂಪು ನೀರು. ಹಿಂದೆ ಬರುತ್ತಿದ್ದ ಹುಡುಗ ಅವಳ ಬ್ಯಾಗಿನ ಪಟ್ಟಿ ಹಿಡಿದ. ನಾನು ದಡದಲ್ಲೇ ನಿಂತಿದ್ದೆ. ಓಡಿ ಹೋಗೋಣ ಅಂದರೆ ನಾನು ಕಾಲಿಟ್ಟ ಕೂಡಲೇ ಮರ ಅಲ್ಲಾಡುತ್ತದೆ.

2019ರ ಗ್ರಾಮಸಭೆಯಲ್ಲಿ ಇಲ್ಲಿಗೆ ಕಾಂಕ್ರೀಟ್ ಸಂಕ ಪಾಸಾಗಿದೆ ಅಂತ ಹೇಳಿದ್ದರು. ಓವರ್‌ಸಿಯರ್ ಬಂದು ಅಳತೆ ಮಾಡಿದರು. ಟೇಪಿನ ಒಂದು ತುದಿ ಹಿಡಿದವಳು ನಾನೇ. ಅಷ್ಟೇ, ಆಮೇಲೆ ಯಾರೂ ಬರಲಿಲ್ಲ. ಕೇಳಿದರೆ ಒಮ್ಮೆ ‘ಸ್ಪಿಲ್ ಓವರ್ ಆಗಿದೆ’ (ಮುಂದಿನ ವರ್ಷಕ್ಕೆ ಹೋಗಿದೆ) ಅಂದರು, ಇನ್ನೊಮ್ಮೆ ‘ಫಂಡ್ ಲ್ಯಾಪ್ಸ್’ (ಹಣದ ಅವಧಿ ಮುಗಿಯಿತು), ಇತ್ತೀಚೆಗೆ ‘ಜಾಗದ ತಕರಾರು’. ಜಾಗದ ತಕರಾರು ಇಲ್ಲವೇ ಇಲ್ಲ. ಎರಡೂ ಬದಿಯ ತೋಟದವರು ಆಗಲೇ ಒಪ್ಪಿದ್ದರು.

ಮೊನ್ನೆ ಮಾಹಿತಿ ಹಕ್ಕಿನಲ್ಲಿ ಕೇಳೋಣ ಅಂತ ಹತ್ತು ರೂಪಾಯಿಯ ಕೋರ್ಟ್ ಫೀ ಸ್ಟ್ಯಾಂಪ್ ಅಂಟಿಸಿ, ಚಂದ ಮಾಡಿ ಕನ್ನಡದಲ್ಲಿ ಬರೆದು ತೆಗೆದುಕೊಂಡು ಹೋದೆ. ಕೌಂಟರಿನಲ್ಲಿದ್ದವರು ಹಾಳೆ ಒಮ್ಮೆ ಮಗುಚಿ ಹಿಂದೆ ನೋಡಿದರು, ಪುನಃ ಮುಂದೆ ನೋಡಿದರು. ಮತ್ತೆ ಕಿಟಕಿಯಿಂದ ಹಿಂದಕ್ಕೆ ತಳ್ಳಿ, ‘ಮಲಯಾಳದಲ್ಲಿ ಬರೆದು ತನ್ನಿ’ ಅಂದರು. ಬೈದಿಲ್ಲ, ಸಿಟ್ಟೂ ಮಾಡಿಲ್ಲ. ತೆಂಕಣ ಜಿಲ್ಲೆಯಿಂದ ಹೊಸದಾಗಿ ಬಂದವರಂತೆ, ಅವರಿಗೆ ಓದಲು ಬರುವುದಿಲ್ಲ. ಆದರೂ ಅಷ್ಟು ಜನರ ಎದುರು ಕಾಗದ ವಾಪಸ್ ತೆಗೆದುಕೊಳ್ಳುವಾಗ ನನಗೆ ಗಂಟಲು ಕಟ್ಟಿತು. ಈ ನೆಲದಲ್ಲೇ ಹುಟ್ಟಿ, ಈ ಪಂಚಾಯತಿಗೇ ತೆರಿಗೆ ಕಟ್ಟಿ, ನನ್ನ ಭಾಷೆಯಲ್ಲಿ ಒಂದು ಪ್ರಶ್ನೆ ಕೇಳಲು ಆಗುವುದಿಲ್ಲವಾ?

ಗೊತ್ತಿರುವವರು ಹೇಳಿ. ಕನ್ನಡದ ಅರ್ಜಿ ಬೇಡ ಅನ್ನಲು ಅವರಿಗೆ ಅಧಿಕಾರ ಇದೆಯಾ? ನಾನು ಬರೆದದ್ದು ‘ಸಂಕ ಯಾಕೆ ಕಟ್ಟಿಲ್ಲ, ಯಾರು ಕಾರಣ, ಯಾವಾಗ ಕಟ್ಟುತ್ತೀರಿ’ ಅಂತ. ಅದು ಸರಿಯಾ? ಮತ್ತೊಂದು, ಅಪ್ಪನಿಗೆ ವೃದ್ಧಾಪ್ಯ ಪೆನ್ಶನ್ ಬರುವುದು ಇದೇ ಪಂಚಾಯತಿಯಿಂದ. ಹೀಗೆಲ್ಲ ಕೇಳಿದರೆ ಅದಕ್ಕೆ ಏನಾದರೂ ತೊಂದರೆ ಆದೀತಾ ಅಂತ ಅಮ್ಮನಿಗೆ ಹೆದರಿಕೆ.

ಹಳೇ ಗುಮಾಸ್ತ, ಕುಂಬಳೆ

ತಂಗೀ, ನಾನು ಕೇರಳ ಸರ್ಕಾರದ ಕೆಲಸದಲ್ಲಿದ್ದು ನಿವೃತ್ತನಾದವನು. ನಿಮ್ಮ ಪ್ರಶ್ನೆ ಓದಿ ರಾತ್ರಿಯೇ ಬರೆಯಲು ಕೂತೆ.

ಮೊದಲು ಭಾಷೆಯ ವಿಷಯ. 2005ರ ಮಾಹಿತಿ ಹಕ್ಕು ಕಾಯ್ದೆಯ 6(1)ರಲ್ಲಿ ಇಂಗ್ಲಿಷ್, ಹಿಂದಿ ಅಥವಾ ಆ ಪ್ರದೇಶದ ಅಧಿಕೃತ ಭಾಷೆಯಲ್ಲಿ ಅರ್ಜಿ ಕೊಡಬಹುದು ಅಂತಿದೆ. ಇಷ್ಟನ್ನೇ ಹಿಡಿದುಕೊಂಡು ಕೆಲವರು ‘ಹಾಗಾದರೆ ಮಲಯಾಳ ಮಾತ್ರ’ ಅನ್ನುತ್ತಾರೆ. ಆದರೆ 1969ರ ಕೇರಳ ಅಧಿಕೃತ ಭಾಷೆಗಳ ಕಾಯ್ದೆಯಲ್ಲಿ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ಬೇರೆಯೇ ಅವಕಾಶ ಇಟ್ಟಿದ್ದಾರೆ. ನಮ್ಮ ಪ್ರದೇಶದ ಸರ್ಕಾರಿ ಕಚೇರಿಗಳ ಜೊತೆ, ತಿರುವನಂತಪುರದ ಸರ್ಕಾರದ ಜೊತೆ ಕೂಡ ನಾವು ಕನ್ನಡದಲ್ಲಿ ಪತ್ರ ವ್ಯವಹಾರ ಮಾಡಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು ಅಂತ. ಸಂವಿಧಾನದ 350ನೇ ವಿಧಿಯೂ ಇದೆ. ದೂರು, ಮನವಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಕೊಡಬಹುದು ಅನ್ನುತ್ತದೆ ಅದು. 1956ರ ನವೆಂಬರ್ 1ಕ್ಕೆ ನಾವು ದಕ್ಷಿಣ ಕನ್ನಡ ಜಿಲ್ಲೆ ಬಿಟ್ಟು ಕೇರಳಕ್ಕೆ ಸೇರಿದೆವು. ನಮ್ಮ ಭಾಷೆಯನ್ನು ಅಲ್ಲಿಯೇ ಬಿಟ್ಟು ಬಂದದ್ದಲ್ಲ.

ಆದರೆ ಒಂದು ವ್ಯತ್ಯಾಸ ತಿಳಿದುಕೊಳ್ಳಿ. ನಿಮಗೆ ಬರುವ ಉತ್ತರದ ಪತ್ರ ಕನ್ನಡದಲ್ಲಿ ಬೇಕು ಅಂತ ಕೇಳಬಹುದು. ಕಡತದ ನಕಲು ಮಾತ್ರ ಕಡತ ಯಾವ ಭಾಷೆಯಲ್ಲಿದೆಯೋ ಅದರಲ್ಲೇ ಬರುತ್ತದೆ. ಅದನ್ನು ತರ್ಜುಮೆ ಮಾಡಿ ಕೊಡಿ ಅಂತ ಈ ಕಾಯ್ದೆಯಲ್ಲಿ ಹಠ ಮಾಡಲು ಬರುವುದಿಲ್ಲ. ಮನೆಯಲ್ಲಿ ಮಲಯಾಳ ಓದುವ ಮಕ್ಕಳಿದ್ದರೆ ಸಾಕು.

ಕೌಂಟರಿಗೆ ಇನ್ನು ಹೋಗಬೇಡಿ. ‘ಸಾರ್ವಜನಿಕ ಮಾಹಿತಿ ಅಧಿಕಾರಿ’ ಅಂತ ವಿಳಾಸ ಬರೆದು ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ, ರಶೀದಿ ಜೋಪಾನ ಮಾಡಿ. ಕೋರ್ಟ್ ಫೀ ಸ್ಟ್ಯಾಂಪ್ ನಮ್ಮಲ್ಲಿ ನಡೆಯುತ್ತದೆ. ಪೋಸ್ಟಲ್ ಆರ್ಡರ್ ಮಾತ್ರ ಹಾಕಬೇಡಿ, ಅದು ಕೇಂದ್ರ ಸರ್ಕಾರದ ಕಚೇರಿಗಳಿಗೆ. ಅರ್ಜಿ ಸ್ವೀಕರಿಸದೇ ಇದ್ದರೆ 18ನೇ ಕಲಂ ಪ್ರಕಾರ ನೇರ ರಾಜ್ಯ ಮಾಹಿತಿ ಆಯೋಗಕ್ಕೆ ದೂರು ಕೊಡಬಹುದು. ಅದು ಆಮೇಲಿನ ಮಾತು.

ಅರ್ಜಿ ಅವರ ಕೈ ಸೇರಿದ ಮೇಲೆ 30 ದಿನ. ಮಧ್ಯೆ ‘ಇಷ್ಟು ಪುಟ ಇದೆ, ಇಷ್ಟು ಹಣ ಕಟ್ಟಿ’ ಅಂತ ಪತ್ರ ಬಂದರೆ ಬೇಗ ಕಟ್ಟಿ, ಯಾಕೆಂದರೆ ಕಟ್ಟುವವರೆಗಿನ ದಿನ ಲೆಕ್ಕಕ್ಕೆ ಬರುವುದಿಲ್ಲ. 30 ದಿನ ದಾಟಿದರೆ ನಕಲು ಪುಕ್ಕಟೆ ಕೊಡಬೇಕು. ಆಮೇಲೆ 30 ದಿನದೊಳಗೆ ಮೊದಲ ಮೇಲ್ಮನವಿ, ಅಲ್ಲೂ ಆಗದಿದ್ದರೆ 90 ದಿನದೊಳಗೆ ಆಯೋಗಕ್ಕೆ. ತಡ ಮಾಡಿದ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ 25,000ದವರೆಗೆ ದಂಡ ಹಾಕಲು ಆಯೋಗಕ್ಕೆ ಅಧಿಕಾರ ಇದೆ.

ಇನ್ನೊಂದು ಮಾತು, ಮನಸ್ಸಿನಲ್ಲಿ ಬಹಳ ವರ್ಷದಿಂದ ಇದ್ದದ್ದು. ನಾನಿದ್ದ ಕಚೇರಿಯಲ್ಲಿ ಕನ್ನಡ ಓದಲು ಬರುತ್ತಿದ್ದದ್ದು ನನಗೊಬ್ಬನಿಗೆ. ಬೇರೆ ಸೆಕ್ಷನ್ನಿನವರು ಕನ್ನಡದ ಕಾಗದ ಹಿಡಿದುಕೊಂಡು ನನ್ನ ಮೇಜಿಗೆ ಬರುತ್ತಿದ್ದರು. ನಾನು ರಜೆಯಲ್ಲಿದ್ದರೆ ಆ ಕಾಗದ ಕಟ್ಟಿನ ಅಡಿಗೆ ಹೋಗುತ್ತಿತ್ತು. ಯಾರೂ ಬೇಕೆಂದು ಮಾಡಿದ್ದಲ್ಲ. ಆದರೆ ಅಡಿಗೆ ಹೋದದ್ದು ಮೇಲೆ ಬರುವುದು ಕಷ್ಟ. ಆದ ಕಾರಣ ಬರೀ ಎಸ್ಟಿಮೇಟ್ ಕೇಳಬೇಡಿ. ‘ನೋಟ್ ಫೈಲ್’ ಕೇಳಿ. ಪತ್ರಗಳೆಲ್ಲ ‘ಕರೆಂಟ್ ಫೈಲ್’ನಲ್ಲಿ ಇರುತ್ತವೆ. ಯಾರು ಯಾವ ದಿನ ಏನು ಬರೆದು ಯಾರಿಗೆ ಕಳುಹಿಸಿದರು ಅನ್ನುವುದು ನೋಟ್ ಫೈಲಿನಲ್ಲೇ ಇರುವುದು.

ಕನ್ನಡ ಮಾಷ್ಟ್ರು

ಗುಮಾಸ್ತರು ಕಾನೂನು ಹೇಳಿದ್ದಾರೆ. ನಾನು ನಿಮ್ಮ ಎರಡನೇ ಪ್ರಶ್ನೆಗೆ ಬರುತ್ತೇನೆ ಅಕ್ಕ.

‘ಯಾಕೆ’, ‘ಯಾರು ಕಾರಣ’ ಅಂತ ಕೇಳಿದರೆ ‘ಇಂಥ ಮಾಹಿತಿ ಕಡತದಲ್ಲಿ ಇಲ್ಲ’ ಅಂತ ಒಂದು ಸಾಲು ಬರೆದು ಮುಗಿಸುತ್ತಾರೆ. ಇದ್ದ ದಾಖಲೆ ಕೊಡುವುದಷ್ಟೇ ಅವರ ಹೊಣೆ, ಹೊಸದಾಗಿ ಉತ್ತರ ತಯಾರಿಸುವುದಲ್ಲ. ಸುಪ್ರೀಂ ಕೋರ್ಟ್ ಕೂಡ 2011ರಲ್ಲಿ ಪರೀಕ್ಷೆಯ ಉತ್ತರ ಪತ್ರಿಕೆಗಳ ಕೇಸಿನಲ್ಲಿ ಹೀಗೇ ಹೇಳಿದೆ. ಹಾಗಾಗಿ ಕಾಗದ ಕೇಳಿ. ‘ಯಾಕೆ’ ಅನ್ನುವುದಕ್ಕೆ ಉತ್ತರ ಕಾಗದದೊಳಗೇ ಸಿಗುತ್ತದೆ.

ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ:

‘ಇಂತಿಷ್ಟನೇ ವಾರ್ಡಿನ ಇಂಥಲ್ಲಿ ತೋಡಿಗೆ ಕಾಲುಸಂಕ ಕಟ್ಟುವ ಯೋಜನೆಗೆ ಸಂಬಂಧಿಸಿದಂತೆ 2018ರ ಏಪ್ರಿಲ್‌ನಿಂದ ಈವರೆಗಿನ ಪೂರ್ತಿ ಕಡತದ (ನೋಟ್ ಫೈಲ್, ಕರೆಂಟ್ ಫೈಲ್ ಎರಡೂ) ದೃಢೀಕರಿಸಿದ ನಕಲು ಕೊಡಬೇಕು. ಎಸ್ಟಿಮೇಟ್, ಸ್ಥಳದ ನಕ್ಷೆ, ಜಾಗದವರ ಒಪ್ಪಿಗೆ ಪತ್ರಗಳು ಅದರಲ್ಲಿ ಸೇರಿರಬೇಕು. ಈ ಯೋಜನೆಗೆ ಇಟ್ಟ ಹಣವನ್ನು ಬೇರೆ ಕೆಲಸಕ್ಕೆ ಬದಲಾಯಿಸಿದ್ದರೆ ಆ ಪಂಚಾಯತ್ ನಿರ್ಣಯದ ನಕಲು ಕೊಡಬೇಕು. ಉತ್ತರದ ಪತ್ರ ಕನ್ನಡದಲ್ಲಿ ಬೇಕು.’

ಇಷ್ಟೇ ಸಾಕು. ಯೋಜನೆಯ ನಂಬರ್ ಸಿಕ್ಕಿದರೆ ಇನ್ನೂ ಒಳ್ಳೆಯದು. ಪಂಚಾಯತಿಯ ಯೋಜನೆಗಳ ಪಟ್ಟಿ ಇರುವ, ಆ ವರ್ಷದ ಅಭಿವೃದ್ಧಿ ಸೆಮಿನಾರಿನ ಪುಸ್ತಕ ನಿಮ್ಮ ಕುಡುಂಬಶ್ರೀಯಲ್ಲಿ ಯಾರ ಹತ್ತಿರವಾದರೂ ಇರಬಹುದು, ಹುಡುಕಿ. ನಂಬರ್ ಹಾಕಿದರೆ ‘ಯಾವ ಕಡತ ಅಂತ ಗೊತ್ತಾಗಲಿಲ್ಲ’ ಅನ್ನಲು ಆಗುವುದಿಲ್ಲ.

ಸುಬ್ಬಣ್ಣನ ಸೊಸೆ

ಅಕ್ಕ, ಅಮ್ಮನಿಗೆ ಧೈರ್ಯ ಹೇಳಿ. ನಾನು ಎರಡು ವರ್ಷದ ಹಿಂದೆ ನಮ್ಮ ಬೀದಿ ದೀಪದ ಬಗ್ಗೆ ಕೇಳಿದ್ದೆ. ವಾರ್ಡ್ ಮೆಂಬರ್ ಒಂದು ವಾರ ಮಾತು ಬಿಟ್ಟಿದ್ದರು, ಆಮೇಲೆ ಮದುವೆ ಮನೆಯಲ್ಲಿ ಅವರೇ ಮಾತಾಡಿಸಿದರು. ಮಾವನ ಪೆನ್ಶನ್ ಒಂದು ತಿಂಗಳೂ ನಿಂತಿಲ್ಲ. ಯಾಕೆ ಕೇಳುತ್ತಿದ್ದೀರಿ ಅಂತ ಕಾರಣ ಹೇಳುವ ಅಗತ್ಯವೂ ಇಲ್ಲ, 6(2)ರಲ್ಲಿ ಅದು ಸ್ಪಷ್ಟ ಇದೆ. ಮೆಂಬರ್ ಹತ್ತಿರ ಮೊದಲೇ ಹೋಗಿ ‘ನಿಮ್ಮ ಮೇಲೆ ದೂರಲ್ಲ, ನಮಗೆ ಕಾಗದ ನೋಡಬೇಕು’ ಅಂತ ಒಂದು ಮಾತು ಹೇಳಿಬಿಡಿ. ನಾನು ಹಾಗೆ ಹೇಳದೇ ಇದ್ದದ್ದು ತಪ್ಪಾಯಿತು ಅಂತ ಆಮೇಲೆ ಅನಿಸಿತು.

ಗ್ರಾಮಸಭೆ ಬಿಡಬೇಡಿ. ಕಾನೂನಿನ ಪ್ರಕಾರ ನಮ್ಮ ವಾರ್ಡಿನಲ್ಲಿ ಮೂರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಕರೆಯಲೇಬೇಕು. ಅಲ್ಲಿ ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತದೆ. ಬರೆದುಕೊಟ್ಟು, ಮಿನಿಟ್ಸ್ ಪುಸ್ತಕದಲ್ಲಿ ಬರೆಯುವವರೆಗೆ ಎದ್ದು ಬರಬೇಡಿ.

ಜತ್ತದಿಂದ ಒಬ್ಬ

ನಮಸ್ಕಾರ ರೀ. ನಾವು ಮಹಾರಾಷ್ಟ್ರದ ಕನ್ನಡಿಗರು, ಸಾಂಗ್ಲಿ ಜಿಲ್ಲೆ ಜತ್ತ ತಾಲೂಕು. ನಿಮ್ಮ ಕೇರಳದ ಹಾಗೆ ಕನ್ನಡಕ್ಕೆ ಒಂದು ಕಾಯ್ದೆಯ ಆಸರೆ ನಮಗಿಲ್ಲ, ಅರ್ಜಿ ಮರಾಠಿಯಲ್ಲೇ ಬರೆಸುತ್ತೇವೆ. ನಿಮಗೆ ಇದ್ದದ್ದನ್ನು ಬಿಡಬೇಡಿ ಅಂತ ಹೇಳಲಿಕ್ಕೆ ಬಂದೆ. ಬಳಸದೇ ಬಿಟ್ಟರೆ ನಾಳೆ ‘ಕನ್ನಡದಲ್ಲಿ ಯಾರೂ ಕೇಳುವುದೇ ಇಲ್ಲ’ ಅನ್ನುತ್ತಾರೆ.

ನಮ್ಮಲ್ಲಿ ಅರ್ಜಿ ಒಂದೇ ವಿಷಯದ ಮೇಲೆ, 150 ಪದದ ಒಳಗೆ ಇರಬೇಕು ಅಂತ 2012ರಿಂದ ನಿಯಮ ಐತಿ. ನಿಮಗೆ ಅದು ಅನ್ವಯಿಸುವುದಿಲ್ಲ, ಆದರೆ ಚಿಕ್ಕದಾಗಿ ಬರೆದ ಅರ್ಜಿಗೆ ಉತ್ತರ ಲಗೂನ ಬರುತ್ತದೆ ಅನ್ನುವುದು ನಮ್ಮ ಅನುಭವ. 2018ರ ಒಂದು ಸುತ್ತೋಲೆಯಂತೆ ಸೋಮವಾರ ಮಧ್ಯಾಹ್ನ 3ರಿಂದ 5ರವರೆಗೆ ಕಚೇರಿಗೆ ಹೋಗಿ ದಫ್ತರ ನೋಡಲಿಕ್ಕೂ ನಮಗೆ ಅವಕಾಶ ಐತಿ. ನೀವೂ ನಕಲು ಬದಲು ಕಡತ ನೋಡುತ್ತೇನೆ ಅಂತ ಬರೆಯಬಹುದು. ನೋಡಿ, ಬೇಕಾದ ಪುಟದ ನಕಲಷ್ಟೇ ತಗೊಂಡರೆ ರೊಕ್ಕ ಉಳಿಯುತ್ತದೆ.

ತೋಡಿನಾಚೆಯವಳು

ಎಲ್ಲರಿಗೂ ಕೈಮುಗಿಯುತ್ತೇನೆ. ಮಾಷ್ಟ್ರು ಬರೆದುಕೊಟ್ಟ ಹಾಗೆಯೇ ಬರೆದು ಇವತ್ತು ಸ್ಪೀಡ್ ಪೋಸ್ಟ್ ಮಾಡಿದೆ. ಯೋಜನೆಯ ನಂಬರ್ ಸಿಕ್ಕಿತು, ನಮ್ಮ ಘಟಕದ ಸೆಕ್ರೆಟರಿ ಮನೆಯಲ್ಲಿ ಪುಸ್ತಕ ಇತ್ತು, ಅಕ್ಕಿ ಡಬ್ಬದ ಮೇಲೆ ಮುಚ್ಚಿದ್ದರು. ಮೆಂಬರ್ ಹತ್ತಿರವೂ ಹೇಳಿದೆ. ಉತ್ತರ ಬಂದ ಮೇಲೆ ಬರೆಯುತ್ತೇನೆ.

ತೋಡಿನಾಚೆಯವಳು (ಎರಡು ತಿಂಗಳ ನಂತರ)

ಬಂತು. 26ನೇ ದಿನಕ್ಕೆ ಪತ್ರ ಬಂತು, 41 ಪುಟ ಇದೆ, ಹಣ ಕಟ್ಟಿ ಅಂತ. ಪತ್ರ ಕನ್ನಡದಲ್ಲಿತ್ತು! ಟೈಪ್ ಮಾಡಿದ್ದಲ್ಲ, ಯಾರೋ ಕೈಯಲ್ಲಿ ಬರೆದದ್ದು, ಕೆಳಗೆ ಸೀಲು. ಅಪ್ಪ ಅದನ್ನು ಎರಡು ಸಲ ಓದಿ ದೇವರ ಪಟದ ಹಿಂದೆ ಇಟ್ಟರು. ಮರುದಿನವೇ ಹಣ ಕಟ್ಟಿದೆ.

ನಕಲು ಬಂದ ದಿನ ರಾತ್ರಿ ಎಲ್ಲರೂ ಜಗಲಿಯಲ್ಲಿ ಕೂತೆವು. ದೊಡ್ಡ ಮಗಳು ಪ್ಲಸ್ ವನ್, ಮಲಯಾಳ ಚಂದ ಓದುತ್ತಾಳೆ. ಅವಳು ಒಂದೊಂದೇ ಪುಟ ಓದಿ ಹೇಳುತ್ತಾ ಹೋದಳು. ಎಸ್ಟಿಮೇಟ್ 4,85,000 ರೂಪಾಯಿ. ನಕ್ಷೆ ಇತ್ತು, ಅದರಲ್ಲಿ 7.20 ಮೀಟರ್ ಅಂತ ಬರೆದಿತ್ತು. ಅವತ್ತು ಟೇಪು ನೋಡಿ ಓವರ್‌ಸಿಯರ್ ಗಟ್ಟಿಯಾಗಿ ಹೇಳಿದ ಅಳತೆ ಅದೇ. ನನಗೆ ಈಗಲೂ ನೆನಪಿದೆ.

ಅದರ ಹಿಂದೆ ಮೂರು ಒಪ್ಪಿಗೆ ಪತ್ರ. ಎರಡು ಮಲಯಾಳದಲ್ಲಿ. ಮೂರನೆಯದು ಬಂದಾಗ ಮಗಳು ನಿಲ್ಲಿಸಿ, ‘ಅಜ್ಜ, ಇದು ಕನ್ನಡದಲ್ಲಿದೆ’ ಅಂದಳು. ತೋಡಿನ ಆ ಬದಿಯ ತೋಟದ ಅಜ್ಜಿ ಕೊಟ್ಟ ಪತ್ರ. ಅಜ್ಜಿಗೆ ಬರೆಯಲು ಬರುತ್ತಿರಲಿಲ್ಲ, ಹೆಬ್ಬೆಟ್ಟು ಒತ್ತಿದ್ದರು. ಅಪ್ಪ ಕನ್ನಡಕ ಹಾಕಿಕೊಂಡು ಹಾಳೆಯನ್ನು ಬೆಳಕಿಗೆ ಹಿಡಿದರು. ‘ಇದು ನನ್ನ ಅಕ್ಷರ’ ಅಂದರು. ಅಜ್ಜಿಯ ಪರವಾಗಿ ಬರೆದುಕೊಟ್ಟವರು ಅವರೇ.

ಪತ್ರದ ಬದಿಯಲ್ಲಿ ಓರೆಯಾಗಿ ಮಲಯಾಳದಲ್ಲಿ ಒಂದು ಸಾಲು ಇತ್ತು. ಮಗಳು ಓದಿದಳು: ‘ಕನ್ನಡದಲ್ಲಿದೆ. ತರ್ಜುಮೆ ಮಾಡಿಸಿ ಇಡುವುದು.’ ಅದರ ಕೆಳಗೆ ಒಂದು ಸಹಿ, ತಾರೀಕು. ಅಷ್ಟೇ. ತರ್ಜುಮೆ ಎಲ್ಲೂ ಇಲ್ಲ. ಗುಮಾಸ್ತಣ್ಣ ಹೇಳಿದ ನೋಟ್ ಫೈಲಿನಲ್ಲಿ ಮುಂದಿನ ಮಾರ್ಚಿನ ಟಿಪ್ಪಣಿ ಇದೆ: ‘ಮೂರನೇ ಜಾಗದವರ ಒಪ್ಪಿಗೆ ಸಿಕ್ಕಿಲ್ಲ, ಹಣ ಬೇರೆ ಕೆಲಸಕ್ಕೆ ಬದಲಾಯಿಸಬಹುದು.’ ಅದಕ್ಕೆ ನಿರ್ಣಯವೂ ಆಗಿದೆ. ಜಾಗದ ತಕರಾರು ಅಂದದ್ದು ಇದನ್ನೇ.

ಕಳ್ಳತನ ಆಗಿದೆ ಅಂತ ಊರಲ್ಲಿ ಮಾತಿತ್ತು, ನಾನೂ ಹಾಗೇ ಅಂದುಕೊಂಡಿದ್ದೆ. ಒಂದು ರೂಪಾಯಿಯೂ ಕಳ್ಳತನ ಆಗಿಲ್ಲ. ಹದಿನಾಲ್ಕು ಸಾಲಿನ ಪತ್ರ ಓದುವವರು ಯಾರೂ ಇರಲಿಲ್ಲ, ಅಷ್ಟೇ. ಅದಕ್ಕೆ ಇಷ್ಟು ಮಳೆಗಾಲ ನಮ್ಮ ಮಕ್ಕಳು ಪಾಚಿ ಹಿಡಿದ ಮರದ ಮೇಲೆ ನಡೆದರು. ನನಗೆ ಅವತ್ತು ನಿದ್ರೆ ಬರಲಿಲ್ಲ.

ಅಜ್ಜಿ ತೀರಿಕೊಂಡು ಎರಡು ವರ್ಷ ಆಯಿತು. ದೊಡ್ಡ ಮಗ ಮಂಗಳೂರಿನಲ್ಲಿದ್ದಾರೆ, ಸಣ್ಣವರು ದುಬೈಯಲ್ಲಿ. ಇಬ್ಬರಿಗೂ ಫೋನ್ ಮಾಡಿದೆ. ‘ಅಮ್ಮ ಕೊಟ್ಟ ಮಾತು, ನಾವು ಇಲ್ಲ ಅನ್ನುತ್ತೇವಾ?’ ಅಂದರು. ಗುಮಾಸ್ತಣ್ಣ, ಹಳೇ ಪತ್ರವೇ ಸಾಕಾ, ಹೊಸದು ಬೇಕಾ?

ಹಳೇ ಗುಮಾಸ್ತ, ಕುಂಬಳೆ

ಹೊಸದು ಬೇಕು ತಂಗೀ. ಜಾಗ ಈಗ ಮಕ್ಕಳದ್ದು, ಅವರಿಬ್ಬರ ಸಹಿ ಬೇಕು. ಈ ಸಲ ಒಂದೇ ಹಾಳೆಯಲ್ಲಿ ಬಲಕ್ಕೆ ಕನ್ನಡ, ಎಡಕ್ಕೆ ಮಲಯಾಳ ಬರೆಸಿ. ನಮ್ಮ ಹಕ್ಕು ಬಿಟ್ಟುಕೊಟ್ಟ ಹಾಗೆ ಅಂತ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ, ಮೊದಲು ಸಂಕ ಆಗಲಿ. ಆ ಬದಿಯ ಟಿಪ್ಪಣಿ ಇರುವ ಪುಟದ ನಕಲನ್ನೂ ಜೊತೆಗೆ ಪಿನ್ ಮಾಡಿ. ಏಳು ಮನೆಯವರೂ ಸಹಿ ಹಾಕಿದ ಮನವಿ ಬೇರೆ ಇರಲಿ. ಎರಡು ಪ್ರತಿ ಮಾಡಿ, ಒಂದರ ಮೇಲೆ ಸೀಲು ಹಾಕಿಸಿ ವಾಪಸ್ ತನ್ನಿ.

ಆ ಟಿಪ್ಪಣಿ ಬರೆದವರು ನಾನಾಗಿರಲಿಲ್ಲ. ಆದರೆ ಹಾಗೆ ಬರೆದು ಬದಿಗಿಟ್ಟದ್ದನ್ನು ನಾನು ನೋಡಿದ್ದೇನೆ, ಸುಮ್ಮನೆ ಇದ್ದೇನೆ. ಗ್ರಾಮಸಭೆ ಯಾವಾಗ ಅಂತ ತಿಳಿಸಿ. ನಾನು ಬರುತ್ತೇನೆ. ಅಲ್ಲಿ ಮಾತಾಡುವುದು ನೀವು, ನಾನು ಹಿಂದೆ ಕೂತು ಮಿನಿಟ್ಸ್ ಬರೆದದ್ದು ಸರಿ ಇದೆಯಾ ಅಂತ ನೋಡುತ್ತೇನೆ.

ತೋಡಿನಾಚೆಯವಳು

ಬರುವ ಆದಿತ್ಯವಾರ ಬೆಳಿಗ್ಗೆ ಹತ್ತೂವರೆಗೆ, ಶಾಲೆಯಲ್ಲಿ. ಅಣ್ಣ, ನೀವು ಬಸ್ಸಿಳಿದು ಅಲ್ಲೇ ನಿಲ್ಲಿ, ಅಪ್ಪ ಬರುತ್ತಾರೆ. ಪತ್ರ ಇವತ್ತು ಮಂಗಳೂರಿಗೆ ಕಳುಹಿಸಿದೆ. ಕನ್ನಡದ ಭಾಗ ಅಪ್ಪನೇ ಬರೆದದ್ದು, ಮಲಯಾಳದ ಭಾಗ ಮಗಳು.